ಜಗಲಿಯ ಮಾತು: ಪಾನಶಾಲೆಯಲ್ಲಿ ಕಲಿತ ಪಾಠ

ಈ ತಿಂಗಳ ಶಿರೋನಾಮೆಯನ್ನು ಕಂಡು ನಿಮ್ಮಲ್ಲಿ ಕೆಲವರು ಹುಬ್ಬುಗಂಟಿಕ್ಕಿರಬಹುದು. ಮೂವತ್ತೆರಡು ವರ್ಷಕಾಲ ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತನಾದ ಉಪಾಧ್ಯಾಯನೊಬ್ಬನು, ಸಂಸಾರವಂದಿಗರು ಓದುವ ಈ ಪುಟದಲ್ಲಿ ಪಾನಶಾಲೆಯ ಸುದ್ದಿಯನ್ನೆತ್ತುವುದು ಉಚಿತವೆ? ಉಚಿತವಲ್ಲವೆಂದೇ ಎಣಿಸಿ ನಾನೂ ಎರಡು ತಿಂಗಳು ಸುಮ್ಮನಿದ್ದೆ. ಆದರೆ ಅಂದಿನ ಸಂಜೆ ನನಗೆ ತಿಳಿದುಬಂದ ಸಂಗತಿಯು ಸುತ್ತಿ ಸುತ್ತಿ ಕಡೆಗೆ ನಮ್ಮ ಅಡಿಗೆಮನೆಗೇ ಬಂದು ಮುಟ್ಟಿದುದರಿಂದ, ಅದನ್ನು ಈ ಜಗಲಿಯಲ್ಲಲ್ಲದೆ ಇನ್ನೆಲ್ಲಿ ಕುಳಿತು ಹೇಳಲಿ?

ನಮ್ಮ ಮಗಳೂ ಅಳಿಯನೂ ಉದ್ಯೋಗನಿಮಿತ್ತವಾಗಿ ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ ನಗರದಲ್ಲಿದ್ದಾರೆ. ಕಳೆದ ಜೂನ್ ತಿಂಗಳಿನಲ್ಲಿ ಮೊಮ್ಮಗಳನ್ನು ನೋಡುವ ಸಲುವಾಗಿ ನಾನೂ ನನ್ನ ಮನೆಯಾಕೆಯೂ ಅಲ್ಲಿಗೆ ಹೋಗಿದ್ದೆವು. ಒಂದು ದಿನ ಊಟವಾದಮೇಲೆ ಅಳಿಯನು, “ಮಾವ, ಈ ದೇಶದ ಸಂಗೀತ ಕೇಳಬೇಕೆಂದು ಹೇಳುತ್ತಿದ್ದಿರಲ್ಲ, ಅದನ್ನು ಕೇಳಬೇಕಾದರೆ ಪಬ್ಬಿಗೇ ಹೋಗಬೇಕು. ಇಬ್ಬರು ಸಂಗೀತಗಾರರು ದಾರಿ ತೋರಿಸಿಕೊಂಡು ಮೂರು ಪಬ್ಬುಗಳಿಗೆ ಕರೆದೊಯ್ಯುತ್ತಾರೆ. ಒಂದೊಂದು ಕಡೆಯಲ್ಲೂ ಕುಳಿತು ನುಡಿಸುತ್ತಾರೆ, ಹಾಡುತ್ತಾರೆ, ಕಥೆ ಹೇಳುತ್ತಾರೆ. ಸಂಜೆ ಏಳೂವರೆಗೆ ಹೊರಟರೆ ಹತ್ತು ಗಂಟೆಗೆ ಮುಗಿಯುತ್ತದೆ” ಎಂದನು. ಇದಕ್ಕೆ ಅಲ್ಲಿಯವರು ಇಟ್ಟಿರುವ ಹೆಸರು ‘ಪಬ್ ಕ್ರಾಲ್’. ಕ್ರಾಲ್ ಎಂದರೆ ತೆವಳುವುದೆಂದರ್ಥ. ಒಂದು ಪಾನಶಾಲೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುವಷ್ಟರಲ್ಲಿ ಕುಡಿದವನ ಕಾಲು ನೆಟ್ಟಗೆ ನಿಲ್ಲದು. ಮಂಡಿನೋವಿನ ನನಗೆ ಕುಡಿಯದೆಯೇ ತೆವಳುವ ಯೋಗ್ಯತೆಯಿದೆಯಲ್ಲಾ ಎಂದು ನಕ್ಕೆನಾದರೂ ಹೋಗಲು ಮನಸ್ಸೊಪ್ಪಲಿಲ್ಲ.

ನನ್ನ ಹಿಂಜರಿಕೆಯನ್ನು ಮುರಿದವಳು ನನ್ನ ಮನೆಯಾಕೆ. “ಹಾಡು ಕೇಳುವುದಕ್ಕೆ ತಾನೆ ಹೋಗುವುದು? ನಾನೂ ಬರುತ್ತೇನೆ, ನಡೆಯಿರಿ” ಎಂದಳು. ಅಲ್ಲಿ ಕಿತ್ತಳೆಯ ಪಾನಕವೂ ದೊರೆಯುವುದೆಂದೂ, ಕುಡಿಯದವನನ್ನು ಯಾರೂ ವಕ್ರವಾಗಿ ನೋಡುವುದಿಲ್ಲವೆಂದೂ, ೨೦೦೪ನೆಯ ಇಸವಿಯಿಂದ ಆ ದೇಶದ ಪಬ್ಬುಗಳೊಳಗೆ ಹೊಗೆಬತ್ತಿ ಸೇದುವುದು ಕಾನೂನಿನಿಂದ ನಿಷಿದ್ಧವಾಗಿರುವುದೆಂದೂ ಅಳಿಯನು ಅಭಯವಿತ್ತನು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣವೊಂದಿರುವುದು ನನಗೆ ಆಗ ನೆನಪಾಯಿತು. ಪಾನಗೃಹದಲ್ಲಿ ಅನೇಕ ಕೋಣೆಗಳಿರಬೇಕು, ಆಸನಗಳು ಬೇರೆ ಬೇರೆಯಾಗಿರಬೇಕು, ಗಂಧಮಾಲ್ಯಗಳೂ ನೀರೂ ಇದ್ದು ಆಯಾ ಋತುವಿಗೆ ಹಿತವಾಗಿರಬೇಕು ಎಂದು ಆತನು ವಿಧಿಸುತ್ತಾನೆ. ಬರುವವರ ಮೇಲೆ ಗೂಢಚಾರರು ಕಣ್ಣಿಟ್ಟಿರಬೇಕೆಂದೂ ಹೇಳಲು ಮರೆತಿಲ್ಲ. ಶಾಸ್ತ್ರಕಾರನೇ ಒಳಹೊಕ್ಕು ನೋಡಿದ ಸ್ಥಳವನ್ನು ನಾನು ನೋಡಿದರೆ ದೋಷವೇನೆಂದು ಸಮಾಧಾನ ಮಾಡಿಕೊಂಡು ಹೊರಟೆ. ಮಗಳು ಮಗುವಿನೊಡನೆ ಮನೆಯಲ್ಲಿ ಉಳಿದಳು.

ನಾವು ಸೇರಬೇಕಾಗಿದ್ದ ಪೇಟೆಯ ಹೆಸರು ಟೆಂಪಲ್ ಬಾರ್. ಟೆಂಪಲ್ ಎಂದೊಡನೆ ನನ್ನ ಮನೆಯಾಕೆ ದೇವಸ್ಥಾನವೆಲ್ಲಿ ಎಂದು ಕೇಳಿದಳು. ದೇವಸ್ಥಾನಕ್ಕೂ ಅದಕ್ಕೂ ಸಂಬಂಧವಿಲ್ಲ. ಹದಿನೇಳನೆಯ ಶತಮಾನದ ಮೊದಲಲ್ಲಿ ಅಲ್ಲಿನ ಟ್ರಿನಿಟಿ ಕಾಲೇಜಿಗೆ ಮುಖ್ಯಸ್ಥನಾಗಿದ್ದ ಸರ್ ವಿಲಿಯಂ ಟೆಂಪಲ್ ಎಂಬಾತನ ಮನೆತೋಟಗಳು ಅಲ್ಲಿದ್ದುವು. ಅವನ ಮನೆತನದ ಹೆಸರೇ ಬೀದಿಗೆ ಬಂದಿತೆಂದು ಹೇಳುತ್ತಾರೆ. ಕಲ್ಲುಹಾಸಿನ ಕಿರುಬೀದಿಗಳು, ಸಂಜೆ ಏಳೂವರೆಯಾದರೂ ನಮ್ಮೂರಿನ ನಾಲ್ಕು ಗಂಟೆಯ ಬಿಸಿಲು. ಆ ದೇಶದಲ್ಲಿ ಜೂನ್ ತಿಂಗಳ ಸೂರ್ಯನು ಹತ್ತು ಗಂಟೆ ಸಮೀಪಿಸುವವರೆಗೂ ಮನೆಗೆ ಹೋಗುವುದಿಲ್ಲ.

ಮೊದಲನೆಯ ಪಬ್ಬಿನ ಮಹಡಿಯ ಕೋಣೆಯಲ್ಲಿ ಮೂವತ್ತು ಮಂದಿ ಸೇರಿದ್ದೆವು. ನಮ್ಮ ಮಾರ್ಗದರ್ಶಕರಲ್ಲಿ ಒಬ್ಬನು ನಡುವಯಸ್ಸಿನ ಗಂಡಸು, ಇನ್ನೊಬ್ಬಳು ತರುಣಿ. ಸ್ವಲ್ಪ ನುಡಿಸುವುದು, ನಡುವೆ ನಿಲ್ಲಿಸಿ ಕಥೆ ಹೇಳುವುದು, ನಗಿಸುವುದು, ಮರಳಿ ನುಡಿಸುವುದು. ಐದು ನಿಮಿಷ ಕೇಳುವಷ್ಟರಲ್ಲಿ ಇದು ನಮ್ಮ ಹರಿಕಥೆಯ ಕ್ರಮವೇ ಅಲ್ಲವೆ ಎನ್ನಿಸಿ ನನ್ನ ಸಂಕೋಚ ಕಡಿಮೆಯಾಯಿತು.

ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ಭರತಮುನಿಯು ನಾಲ್ಕಾಗಿ ವಿಂಗಡಿಸಿದನಷ್ಟೆ. ಆ ನಾಲ್ಕೂ ಆ ಮೇಜಿನ ಮೇಲಿದ್ದುವು. ತಂತಿಯ ವಾದ್ಯವೆಂದರೆ ತರುಣಿಯ ಕೈಯಲ್ಲಿದ್ದ ಫಿಡ್ಲ್. ಇದು ನಮ್ಮ ಪಿಟೀಲೇ. ಪಿಟೀಲು ಎಂಬ ಮಾತೂ ಫಿಡ್ಲ್ ಎಂಬುದರ ತದ್ಭವವೇ. ನಮ್ಮವರು ಕೆಳಗೆ ಕುಳಿತು ಅದರ ತಲೆಯನ್ನು ಪಾದದ ಮೇಲಿರಿಸಿ ನುಡಿಸುವರು. ಅವರು ಭುಜದ ಮೇಲಿಟ್ಟು ನುಡಿಸುವರು. ಚರ್ಮವಾದ್ಯವೆಂದರೆ ಬೌರಾನ್, ಮರದ ಬಳೆಗೆ ಆಡಿನ ಚರ್ಮವನ್ನು ಬಿಗಿದು ಮಾಡಿದ, ನಮ್ಮ ತಮಟೆಯ ತಮ್ಮನಂಥದು. ಚಿಕ್ಕದೊಂದು ಕೋಲಿನ ಎರಡು ತುದಿಗಳಿಂದಲೂ ಬಾರಿಸುತ್ತಾರೆ. ಘನವಾದ್ಯವೆಂದು ತೋರಿಸಿದುದು ದನದ ಪಕ್ಕೆಲುಬಿನ ಎರಡು ತುಂಡುಗಳು. ಬೆರಳುಗಳ ನಡುವೆ ಹಿಡಿದು ಚಿಟಿಕೆಯಂತೆ ತಾಳ ಹಾಕುವರು. ನನ್ನ ಕೈಗೂ ಕೊಟ್ಟರು. ಬೇಗನೆ ಹಿಂದಕ್ಕೆ ಕೊಟ್ಟೆ.

ಸುಷಿರವಾದ್ಯಗಳಲ್ಲಿ ತಗಡಿನ ಪುಟ್ಟ ಕೊಳಲೊಂದಿತ್ತು. ಅದಕ್ಕಿಂತ ವಿಚಿತ್ರವಾದುದು ಇಲ್ಲನ್ ಪೈಪ್ ಎಂಬುದು. ಇಲ್ಲನ್ ಎಂದರೆ ಅವರ ಭಾಷೆಯಲ್ಲಿ ಮೊಳಕೈ. ಬಾಯಿಂದ ಊದುವುದಿಲ್ಲ, ಒಂದು ಕಂಕುಳಿನಲ್ಲಿ ಕಮ್ಮಾರನ ತಿದಿಯ ಮರಿಯೊಂದನ್ನು ಕಟ್ಟಿಕೊಂಡು ಮೊಳಕೈಯಿಂದ ಒತ್ತಿ ಗಾಳಿಯನ್ನು ಇನ್ನೊಂದು ಕಂಕುಳಿನ ಚೀಲಕ್ಕೆ ತುಂಬುವರು. ಆ ಗಾಳಿಯಿಂದ ಮೂರು ನಾಳಗಳು ಬಿಡದೆ ಶ್ರುತಿ ಹಿಡಿದಿರುತ್ತವೆ, ಇನ್ನೊಂದರ ಮೇಲೆ ಬೆರಳುಗಳು ಧಾಟಿಯನ್ನು ನುಡಿಸುತ್ತವೆ. ಮಣಿಕಟ್ಟಿನಿಂದ ಒತ್ತಿ ನುಡಿಸುವ ಕೀಲಿಗಳು ಬೇರೆ. ಏಳು ವರ್ಷ ಕಲಿಯಬೇಕು, ಏಳು ವರ್ಷ ಅಭ್ಯಾಸ ಮಾಡಬೇಕು, ಏಳು ವರ್ಷ ನುಡಿಸಬೇಕು, ಆಮೇಲೆ ಆತನನ್ನು ವಾದಕನೆನ್ನಬೇಕೆಂದು ಅಲ್ಲಿ ಗಾದೆಯಿದೆಯಂತೆ. ವ್ಯಾಕರಣಕ್ಕೆ ಹನ್ನೆರಡೇ ವರ್ಷ ಸಾಕೆಂದು ನಮ್ಮವರು ಹೇಳಿರುವುದು ಎಷ್ಟೋ ವಾಸಿ! ಈ ವಾದನಕಲೆಯನ್ನು ೨೦೧೭ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು.

ನುಡಿಸಿದುದೆಲ್ಲ ಬಹುಮಟ್ಟಿಗೆ ಕುಣಿತದ ಗತ್ತುಗಳು. ‘ರೀಲ್’ ಎಂಬುದು ಚತುರಶ್ರದ ಓಟ. ‘ಜಿಗ್’ ಎಂಬುದು ಮೂರು ಮೂರಾಗಿ ಎಣಿಸುವ ಆರು. ‘ಸ್ಲಿಪ್ ಜಿಗ್’ ಎಂಬುದರಲ್ಲಿ ಮೂರರ ಮೂರು ಗುಂಪು ಸೇರಿ ಒಂಬತ್ತು. ಧಾಟಿಗೆ ಸಾಮಾನ್ಯವಾಗಿ ಎರಡು ಭಾಗ. ಒಂದೊಂದನ್ನೂ ಎರಡಾವರ್ತಿ ನುಡಿಸಿ, ಹಾಗೆಯೇ ಎರಡು ಮೂರು ಸಲ ಸುತ್ತಿ, ನಡುವೆ ನಿಲ್ಲದೆ ಇನ್ನೊಂದು ಧಾಟಿಗೆ ಹಾರುವರು. ಕಿವಿಗೊಟ್ಟು ಕೇಳಿದರೆ ಹೆಚ್ಚಿನವು ನಮ್ಮ ಶಂಕರಾಭರಣದ ಸ್ವರಗಳಲ್ಲಿ, ಕೆಲವು ಹರಿಕಾಂಭೋಜಿಯವುಗಳಲ್ಲಿ, ಕೆಲವು ಖರಹರಪ್ರಿಯದವುಗಳಲ್ಲಿ ಇರುವುದು ತಿಳಿಯುತ್ತದೆ. ಸ್ವರಸ್ಥಾನಗಳಷ್ಟೇ ಒಂದು, ನಮ್ಮ ಗಮಕವಿಲ್ಲ, ಅವರದೇ ಆದ ಪುಟ್ಟ ಪುಟ್ಟ ತಿರುವುಗಳಿವೆ.

ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯರ ವಾದ್ಯಮೇಳದಿಂದ ಕೇಳಿದ ಧಾಟಿಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯವನ್ನು ರಚಿಸಿದುದು ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ನೊಟ್ಟುಸ್ವರಗಳೆಂದು ಅವನ್ನು ಮಕ್ಕಳಿಗೆ ಇಂದಿಗೂ ಕಲಿಸುತ್ತಾರೆ. ಅವುಗಳಲ್ಲಿ ‘ವಂದೇ ಮೀನಾಕ್ಷಿ’ ಎಂಬುದರ ಧಾಟಿಯು ‘ರೇಕ್ಸ್ ಆಫ್ ಮ್ಯಾಲೋ’ ಎಂಬ ಐರಿಷ್ ಧಾಟಿ. ಮ್ಯಾಲೋ ಎಂಬುದು ಕಾರ್ಕ್ ಪ್ರಾಂತದ ಒಂದು ಊರು. ಅಳಿಯನ ಮೂಲಕ ಕೇಳಿಸಿದಾಗ ತರುಣಿಯು ಕೂಡಲೆ ನುಡಿಸಿದಳು. ಪುಂಡ ಹುಡುಗರ ಮೋಜನ್ನು ಹೊಗಳುವ ಹಾಡು ಅದೆಂದು ಆಕೆ ಹೇಳಿದಾಗ, ಪುಂಡರ ಧಾಟಿಗೆ ಮೀನಾಕ್ಷಿಯ ಸ್ತೋತ್ರವನ್ನು ತೊಡಿಸಿದ ದೀಕ್ಷಿತರ ಔದಾರ್ಯವನ್ನು ಕುರಿತು ನಾನೊಂದು ಕಿರುಭಾಷಣವನ್ನೇ ಮಾಡಿದೆ. ನನ್ನ ಮನೆಯಾಕೆ ಮೆಲ್ಲಗೆ, “ದೀಕ್ಷಿತರು ಒಪ್ಪಿಕೊಂಡರು, ಅಲ್ಲವೆ?” ಎಂದಳು. ಆ ಮಾತಿನ ಮೊನೆ ಆಗ ನನಗೆ ತಾಗಲಿಲ್ಲ.

ಅಲ್ಲಿಂದ ಮುಂದೆ ಗಂಡಸು ಚರಿತ್ರೆಯನ್ನು ಹೇಳತೊಡಗಿದನು. ಹಿಂದೆ ಆ ನಾಡಿನ ಪಾಳೆಯಗಾರರ ಮನೆಗಳಲ್ಲಿ ಹಾರ್ಪ್ ನುಡಿಸುವ ವೈಣಿಕರು ಆಶ್ರಿತರಾಗಿದ್ದರು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೀಷರ ಕೈಮೇಲಾಗಿ ಆ ಮನೆತನಗಳು ಭೂಮಿಕಾಣಿ ಕಳೆದುಕೊಳ್ಳಲು, ವೈಣಿಕರು ಊರೂರು ಅಲೆಯುವಂತಾಯಿತು. ಅವರಲ್ಲಿ ಟರ್ಲಾಕ್ ಓ’ಕ್ಯಾರೊಲನ್ ಎಂಬಾತನು ಪ್ರಖ್ಯಾತನು. ೧೬೭೦ರಲ್ಲಿ ಹುಟ್ಟಿ, ಹದಿನೆಂಟರ ಹರೆಯದಲ್ಲಿ ಸಿಡುಬಿನಿಂದ ಕುರುಡನಾಗಿ, ಕುದುರೆಯೇರಿ ದೇಶ ಸುತ್ತಿ, ೧೭೩೮ರಲ್ಲಿ ತೀರಿಕೊಂಡನು. ಅವನ ಹೆಸರಿನಲ್ಲಿ ಇನ್ನೂರರಷ್ಟು ಧಾಟಿಗಳು ಉಳಿದಿವೆ. ೧೭೯೨ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಅಳಿದುಳಿದ ವೈಣಿಕರನ್ನೆಲ್ಲ ಕರೆಯಿಸಿದಾಗ ಬಂದ ಐರಿಷ್ ವೈಣಿಕರು ಹತ್ತೇ ಮಂದಿ. ಅವರಲ್ಲಿ ತೊಂಬತ್ತು ದಾಟಿದ ಡೆನಿಸ್ ಹೆಂಪ್ಸನ್ ಎಂಬ ಮುದುಕನೊಬ್ಬನೇ ಹಳೆಯ ಪದ್ಧತಿಯಂತೆ ಉಗುರುಗಳಿಂದ ತಂತಿ ಮೀಟುತ್ತಿದ್ದನು. ಎಡ್ವರ್ಡ್ ಬಂಟಿಂಗ್ ಎಂಬ ಹತ್ತೊಂಬತ್ತು ವರ್ಷದ ಹುಡುಗನು ಪಕ್ಕದಲ್ಲಿ ಕುಳಿತು ಅವರು ನುಡಿಸಿದುದನ್ನು ಬರೆದುಕೊಂಡನು. ಅಂದು ಬರೆದುಕೊಂಡುದು ನಮ್ಮ ಕಾಲದವರೆಗೆ ಬಂದಿದೆ.

೧೮೪೫ರಿಂದ ಆ ದೇಶಕ್ಕೆ ಮಹಾಕ್ಷಾಮವೊದಗಿತು. ಆಲೂಗೆಡ್ಡೆಯ ಬೆಳೆಯು ರೋಗದಿಂದ ಕೊಳೆತುಹೋಗಿ ಏಳೆಂಟು ವರ್ಷಗಳೊಳಗೆ ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ, ಅಥವಾ ಅದಕ್ಕೂ ಹೆಚ್ಚಾಗಿ, ಹಡಗು ಹತ್ತಿ ದೇಶಾಂತರ ಹೋದರು. ಸತ್ತವರೊಡನೆ ಹಾಡುಗಳು ಸತ್ತುವು. ಹೋದವರೊಡನೆ ಹಾಡುಗಳು ಅಮೆರಿಕ ಸೇರಿದುವು. ಕಾರ್ಕ್ ಪ್ರಾಂತದಿಂದ ಹೋದ ಫ್ರಾನ್ಸಿಸ್ ಓ’ನೀಲ್ ಎಂಬಾತನು ಷಿಕಾಗೋ ನಗರದಲ್ಲಿ ಪೋಲೀಸು ಖಾತೆಯ ಮುಖ್ಯಾಧಿಕಾರಿಯಾದನು. ತನ್ನ ನಾಡಿನಿಂದ ಬಂದವರು ಬಾಯಲ್ಲಿ ಹೊತ್ತು ತಂದ ಧಾಟಿಗಳನ್ನು ಆತನು ಸಂಗ್ರಹಿಸಿ ೧೯೦೩ರಲ್ಲಿ ೧,೮೫೦ ಧಾಟಿಗಳ ದೊಡ್ಡ ಪುಸ್ತಕವೊಂದನ್ನು ಅಚ್ಚು ಹಾಕಿಸಿದನು. ಪೋಲೀಸರವರು ಕಳವಿನ ಮಾಲನ್ನು ಪತ್ತೆಹಚ್ಚಿ ಒಡೆಯರಿಗೆ ಒಪ್ಪಿಸಿದ ಪ್ರಸಂಗಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ತಿಳಿಯದು.

ಅಷ್ಟು ಹೊತ್ತಿಗೆ ಮೊದಲ ಬಿಡಾರ ಮುಗಿಯಿತು. ಧನುರ್ಮಾಸದ ಭಜನೆಯವರಂತೆ ಎಲ್ಲರೂ ಸಾಲಾಗಿ ಬೀದಿಗಿಳಿದು ಲಿಫಿ ನದಿಯನ್ನು ದಾಟಿದೆವು. ಅಲ್ಲಿನ ಕಾಲುಸೇತುವೆಯು ೧೮೧೬ರ ಕಬ್ಬಿಣದ ಕಮಾನು. ೧೯೧೯ರವರೆಗೂ ದಾಟುವವರಿಂದ ಅರ್ಧ ಪೆನ್ನಿ ಸುಂಕ ವಸೂಲು ಮಾಡುತ್ತಿದ್ದುದರಿಂದ ಅದಕ್ಕೆ ಅರ್ಧಪೆನ್ನಿಯ ಸೇತುವೆಯೆಂದೇ ಹೆಸರು.

ಎರಡನೆಯ ಪಬ್ಬಿನಲ್ಲಿ ಮೂಲೆಗೆ ಮರದ ಅಡ್ಡಗೋಡೆ ಹಾಕಿದ ಸಣ್ಣ ಗೂಡಿನಂಥ ಕೋಣೆಯಿತ್ತು. ಹಿಂದೆ ಮರ್ಯಾದಸ್ಥ ಹೆಂಗಸರು ಇತರರ ಕಣ್ಣಿಗೆ ಬೀಳದೆ ಅಲ್ಲಿ ಕುಳಿತುಕೊಳ್ಳುತ್ತಿದ್ದರಂತೆ. ನನಗೂ ಅದೇ ಹಿತವೆಂದು ತೋರಿ ನಾವು ಮೂವರೂ ಅಲ್ಲಿ ಕುಳಿತೆವು. ಆಗ ನಾನು ಅಂದಿನ ಮುಖ್ಯ ಪ್ರಶ್ನೆಯನ್ನು ಕೇಳಿಸಿದೆ: ಇಷ್ಟು ಸೊಗಸಾದ ಸಂಗೀತಕ್ಕೆ ಹೆಂಡದಂಗಡಿಯೇ ಏಕೆ ಬೇಕು?

ಗಂಡಸು ನಕ್ಕು ಹೇಳಿದ ಉತ್ತರವು ನನ್ನನ್ನು ಬೆರಗುಗೊಳಿಸಿತು. ಈ ಸಂಗೀತಕ್ಕೆ ಪಬ್ಬು ತವರುಮನೆಯಲ್ಲವಂತೆ. ಪಬ್ಬಿನಲ್ಲಿ ಗುಂಪಾಗಿ ಕುಳಿತು ನುಡಿಸುವ ಪದ್ಧತಿಗೆ ನೂರು ವರ್ಷವೂ ಆಗಿಲ್ಲವಂತೆ. ಅದರ ತವರು ಅಡಿಗೆಮನೆ. ರಾತ್ರಿಯ ಊಟವಾದಮೇಲೆ ನೆರೆಹೊರೆಯವರು ಒಬ್ಬರ ಮನೆಯಲ್ಲಿ ಸೇರಿ, ಒಲೆಯ ಸುತ್ತ ಕುಳಿತು, ಕಥೆ ಹೇಳಿ ಹಾಡಿ ಕುಣಿಯುತ್ತಿದ್ದರು. ಆ ಸಂಜೆಯ ಭೇಟಿಗೆ ಅವರಲ್ಲಿ ‘ಕೇಲಿ’ ಎಂದು ಹೆಸರು. ನಮ್ಮ ಸಂಸ್ಕೃತದಲ್ಲಿ ಕೇಲಿಯೆಂದರೆ ವಿನೋದ, ಆಟ. ಬರಿಯ ಧ್ವನಿಸಾಮ್ಯವನ್ನು ಕಂಡು ಸಂಬಂಧ ಕಲ್ಪಿಸಬಾರದೆಂದು ಶಿಷ್ಯರಿಗೆ ಬೋಧಿಸಿದವನಾದುದರಿಂದ ಸಂತೋಷವನ್ನು ಒಳಗೇ ಇಟ್ಟುಕೊಂಡೆ.

೧೯೩೫ರಲ್ಲಿ ಆ ದೇಶದ ಸರ್ಕಾರವು ಸಾರ್ವಜನಿಕ ನೃತ್ಯಶಾಲೆಗಳ ಕಾಯಿದೆಯೊಂದನ್ನು ಮಾಡಿ, ಪರವಾನಗಿಯಿಲ್ಲದೆ ಕುಣಿತ ನಡೆಯಿಸಕೂಡದೆಂದು ವಿಧಿಸಿತು. ನೀತಿಯ ರಕ್ಷಣೆ ಅದರ ಉದ್ದೇಶ. ಪಾದ್ರಿಗಳೂ ಪೋಲೀಸರೂ ಅದನ್ನು ಮನೆಯೊಳಗಿನ ಮತ್ತು ದಾರಿಗೂಡಿನ ಕುಣಿತಗಳಿಗೂ ಅನ್ವಯಿಸಿದ್ದರಿಂದ ಅಡಿಗೆಮನೆಗಳು ಮೂಕವಾದುವು. ಅದೇ ಕಾಲದಲ್ಲಿ ಸಾವಿರಾರು ತರುಣರು ಕೂಲಿಗೆಂದು ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ನಾಲ್ವರು ಮಲಗುವವರಿಗೆ ಅಡಿಗೆಮನೆಯೆಲ್ಲಿಯದು? ೧೯೪೦ರ ದಶಕದ ಕೊನೆಗೆ ಅವರು ಪಬ್ಬುಗಳಲ್ಲಿ ಸೇರಿ ನುಡಿಸತೊಡಗಿದರು. ಮನೆಯಿಲ್ಲದ ಸಂಗೀತಕ್ಕೆ ಹೆಂಡದಂಗಡಿಯು ಛತ್ರವಾಯಿತು. ೧೯೫೧ರಲ್ಲಿ ಮಲಿಂಗರ್ ಎಂಬ ಊರಿನಲ್ಲಿ ಸಂಗೀತಗಾರರು ಸಂಘ ಕಟ್ಟಿ ಉತ್ಸವವೊಂದನ್ನು ಆರಂಭಿಸಿದರು. ಡಬ್ಲಿನ್ನಿನ ಮೆರಿಯನ್ ಸಾಲಿನಲ್ಲಿರುವ ಓ’ಡೊನಹ್ಯೂ ಪಬ್ಬು ಮೊದಲು ದಿನಸಿ ಅಂಗಡಿಯಾಗಿದ್ದುದು. ೧೯೬೦ರ ದಶಕದ ಮೊದಲಲ್ಲಿ ಅಲ್ಲಿ ಕೂಡಿ ಹಾಡುತ್ತಿದ್ದವರೇ ‘ಡಬ್ಲಿನರ್ಸ್’ ಎಂಬ ಮೇಳವಾಗಿ ಜಗತ್ತಿಗೆಲ್ಲ ಪರಿಚಿತರಾದರು.

ಇಲ್ಲಿ ಪಾನವನ್ನು ಕುರಿತು ಒಂದು ಮಾತು ಹೇಳಿಬಿಡುತ್ತೇನೆ. ನಾನು ಹೆಂಡವನ್ನು ಹೊಗಳುತ್ತಿರುವೆನೆಂದು ಯಾರೂ ತಿಳಿಯಬೇಡಿ. ಅದರಿಂದ ಹಾಳಾದ ಸಂಸಾರಗಳನ್ನು ನಮ್ಮ ಶಾಲೆಯ ಹುಡುಗರ ಮುಖದಲ್ಲಿಯೇ ನೋಡಿದ್ದೇನೆ. ಆ ದೇಶದವರೂ ಇದನ್ನರಿಯದವರಲ್ಲ. ೧೮೩೮ರಲ್ಲಿ ಕಾರ್ಕ್ ನಗರದ ಫಾದರ್ ಮ್ಯಾಥ್ಯೂ ಎಂಬ ಪಾದ್ರಿಯು ಪಾನವರ್ಜನದ ಚಳವಳಿಯನ್ನು ಹೂಡಲು ಲಕ್ಷಾಂತರ ಜನ ಪ್ರತಿಜ್ಞೆ ತೊಟ್ಟರು; ಡಬ್ಲಿನ್ನಿನ ರಾಜಬೀದಿಯಲ್ಲಿ ಆತನ ಪ್ರತಿಮೆಯಿದೆ. ನಮ್ಮ ಮಾರ್ಗದರ್ಶಕನೂ ಆ ಸಂಜೆಯುದ್ದಕ್ಕೂ ನೀರನ್ನೇ ಕುಡಿದನು.

ಆಮೇಲೆ ಆತನು ವಾದ್ಯಗಳನ್ನೆಲ್ಲ ಕೆಳಗಿಟ್ಟು, ಶ್ರುತಿಯಿಲ್ಲದೆ, ತಾಳವಿಲ್ಲದೆ, ಕಣ್ಣು ಮುಚ್ಚಿಕೊಂಡು ತನ್ನ ಭಾಷೆಯಲ್ಲಿ ಒಂದು ಹಾಡನ್ನು ಹಾಡಿದನು. ಇದಕ್ಕೆ ‘ಶಾನ್ ನೋಸ್’, ಎಂದರೆ ಹಳೆಯ ರೀತಿ, ಎಂದು ಹೆಸರು. ಹಾಡಿದವನು ಒಂದು ಕಥೆ ಹೇಳಿದನು. ೧೮೩೧ರ ಬಳಿಕ ದೇಶದಲ್ಲೆಲ್ಲ ಸರ್ಕಾರದ ಪಾಠಶಾಲೆಗಳಾದುವು, ಪಾಠವೆಲ್ಲ ಇಂಗ್ಲಿಷಿನಲ್ಲಿ. ಮಗುವಿನ ಕೊರಳಿಗೆ ಒಂದು ಕೋಲನ್ನು ಕಟ್ಟುತ್ತಿದ್ದರು. ಮಗು ಮನೆಮಾತಿನಲ್ಲಿ ಮಾತನಾಡಿದಾಗಲೆಲ್ಲ ಕೋಲಿನ ಮೇಲೆ ಒಂದು ಗಚ್ಚು. ಸಂಜೆಗೆ ಉಪಾಧ್ಯಾಯನು ಗಚ್ಚುಗಳನ್ನೆಣಿಸಿ ಅಷ್ಟು ಏಟು ಹೊಡೆಯುವನು. ಇಂಗ್ಲಿಷು ಬಂದರೆ ಮಗುವಿಗೆ ಅನ್ನ ಹುಟ್ಟೀತೆಂಬ ಆಸೆಯಿಂದ ತಂದೆತಾಯಿಗಳೇ ಮನೆಯಲ್ಲಿ ಗಚ್ಚು ಹಾಕಿ ಕಳುಹಿಸುತ್ತಿದ್ದರಂತೆ. “ನನ್ನ ಅಜ್ಜಿಯ ಅಜ್ಜಿಗೆ ನೂರಾರು ಹಾಡು ಬರುತ್ತಿದ್ದುವು, ನನ್ನ ಅಜ್ಜಿಗೆ ಎರಡು ಬರುತ್ತಿದ್ದುವು, ಈಗ ಹಾಡಿದ್ದು ಅವುಗಳಲ್ಲೊಂದು” ಎಂದು ಹೇಳಿ ಆತನು ನೀರು ಕುಡಿದನು.

ಉಪಾಧ್ಯಾಯನೆಂಬ ಮಾತು ಬಂದಾಗ ನಾನು ತಲೆ ತಗ್ಗಿಸಿದೆ. ಕಾರಣವನ್ನು ನಿಮ್ಮೊಡನೆ ಮುಚ್ಚಿಡುವುದಿಲ್ಲ.

ನನ್ನ ಮನೆಯಾಕೆ ಹಳ್ಳಿಯಲ್ಲಿ ಅಜ್ಜಿಯ ಹತ್ತಿರ ಬೆಳೆದವಳು. ಬೀಸುವ ಹಾಡು, ತೊಟ್ಟಿಲ ಹಾಡು, ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು ಎಲ್ಲವೂ ಆಕೆಗೆ ಬರುತ್ತಿದ್ದುವು. ಮದುವೆಯಾದ ಹೊಸದರಲ್ಲಿ ಕೆಲಸ ಮಾಡುತ್ತ ಹಾಡಿಕೊಳ್ಳುತ್ತಿದ್ದಳು. ನಾನಾಗ ಸಂಸ್ಕೃತದ ಪರೀಕ್ಷೆಯನ್ನು ಮುಗಿಸಿದ ಎಳೆಯ ಪಂಡಿತ. ಒಂದು ಶ್ರಾವಣ ಶುಕ್ರವಾರ, ಮನೆಗೆ ನಾಲ್ವರು ಮುತ್ತೈದೆಯರು ಬಂದಿದ್ದಾಗ, ಆಕೆ ಆರತಿಯ ಹಾಡನ್ನು ಹೇಳಿದಳು. ಹಾಡು ಮುಗಿದೊಡನೆ ನಾನು ಎಲ್ಲರೆದುರಿಗೆ, “ಇದರಲ್ಲಿ ಅಪಶಬ್ದಗಳು ಏಳಿವೆ, ದೇವರ ಮುಂದೆ ಹೇಳಬೇಕಾದರೆ ಶುದ್ಧವಾದ ಸ್ತೋತ್ರವನ್ನಾದರೂ ಕಲಿತುಕೋ” ಎಂದು ಆ ಏಳನ್ನೂ ಒಂದೊಂದಾಗಿ ಎತ್ತಿ ತೋರಿಸಿದೆ. ಆಕೆ ಏನೂ ಹೇಳಲಿಲ್ಲ. ಸ್ತೋತ್ರಗಳನ್ನು ಕಲಿತಳು, ಶುದ್ಧವಾಗಿ ಹೇಳಿದಳು. ಹಾಡುವುದನ್ನು ನಿಲ್ಲಿಸಿದಳೆಂಬುದು ನನ್ನ ಗಮನಕ್ಕೇ ಬರಲಿಲ್ಲ. ಮಗಳ ಮದುವೆಯಲ್ಲಿ ಹಸೆಯ ಮುಂದೆ ಯಂತ್ರದಿಂದ ಯಾರದೋ ಹಾಡನ್ನು ಹಾಕಿದರು. ಆಗಲೂ ನನಗೆ ಏನೂ ತೋರಲಿಲ್ಲ. ಕೊರಳಿನ ಕೋಲಿನ ಮೇಲೆ ಏಳು ಗಚ್ಚು ಹಾಕಿದ ಉಪಾಧ್ಯಾಯನು ಐರ್ಲೆಂಡಿನಲ್ಲಿರಲಿಲ್ಲ.

ಮೂರನೆಯ ಪಬ್ಬಿಗೆ ಹೋಗುವಾಗ ನಾನು ಮಾತಾಡಲಿಲ್ಲ. ಅಲ್ಲಿ ಬೇರೆ ಏಳೆಂಟು ಜನ ವಾದಕರು ಆಗಲೇ ಒಂದು ಮೇಜಿನ ಸುತ್ತ, ನಮ್ಮ ಕಡೆಗೆ ಬೆನ್ನು ಮಾಡಿ, ಒಬ್ಬರ ಮುಖವನ್ನೊಬ್ಬರು ನೋಡುತ್ತ ನುಡಿಸುತ್ತಿದ್ದರು. ಮುಂದೆ ಬರೆದ ಕಾಗದವಿಲ್ಲ. ಒಬ್ಬನು ಒಂದು ಧಾಟಿಯನ್ನು ಆರಂಭಿಸುವನು, ಗೊತ್ತಿದ್ದವರು ಸೇರುವರು, ಗೊತ್ತಿಲ್ಲದವರು ಕೈ ಕಟ್ಟಿಕೊಂಡು ಕೇಳುವರು. ನಮ್ಮ ಮಾರ್ಗದರ್ಶಕರಿಬ್ಬರೂ ಅವರ ನಡುವೆ ಕುಳಿತು, ಅಲ್ಲಿಯ ಸಂಪ್ರದಾಯವೊಂದನ್ನು ವಿವರಿಸಿದರು. ಹಾಡಿದವರಿಗೆ ಮುಂದೆ ಯಾರು ಹಾಡಬೇಕೆಂದು ಹೇಳುವ ಅಧಿಕಾರವುಂಟು. ಹೆಸರು ಹೇಳಿಸಿಕೊಂಡವರು ಹಾಡಬೇಕು, ಕಂಠ ಚೆನ್ನಾಗಿಲ್ಲವೆಂದು ನುಣುಚಿಕೊಳ್ಳುವುದು ಮರ್ಯಾದೆಯಲ್ಲ. ಜರ್ಮನಿಯವನೊಬ್ಬನು ಹಾಡಿದನು. ಆತನು ಅಲ್ಲಿಯೇ ಕುಳಿತಿದ್ದ ಬೆಳ್ಳಿಗೂದಲಿನ ಐರಿಷ್ ಮುದುಕಿಯೊಬ್ಬಳನ್ನು ಕರೆದನು. ಆಕೆ ಹಾಡಿ ಮುಗಿಸಿ, ಸುತ್ತಲೂ ನೋಡಿ, ಸೀರೆಯುಟ್ಟಿದ್ದ ನನ್ನ ಮನೆಯಾಕೆಯ ಕಡೆಗೆ ಕೈ ತೋರಿಸಿದಳು.

ಅಳಿಯನು ಗಾಬರಿಯಿಂದ, “ಅತ್ತೆಗೆ ಹಾಡು ಬರುವುದಿಲ್ಲ” ಎಂದು ಇಂಗ್ಲಿಷಿನಲ್ಲಿ ಹೇಳತೊಡಗಿದನು. ಮನೆಯಾಕೆ ನನ್ನ ಮುಖವನ್ನು ನೋಡಿದಳು. “ಹೇಳು, ನಿಮ್ಮ ಅಜ್ಜಿಯ ಹಾಡನ್ನೇ ಹೇಳು” ಎಂದೆ. ಅಷ್ಟು ಹೇಳುವುದಕ್ಕೆ ನನ್ನ ಗಂಟಲಿಗೂ ಕಷ್ಟವಾಯಿತು.

ಆಕೆ ಹಾಡಿದುದು ಬೀಸುವ ಹಾಡು. ಮೊದಲ ನುಡಿಗೆ ಕಂಠ ನಡುಗಿತು. ಆಗ ಪಕ್ಕಕ್ಕೆ ಬಂದು ಕುಳಿತ ಆ ಮುದುಕಿಯು ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಹಾಡಿನ ಓಟಕ್ಕೆ ಸರಿಯಾಗಿ ಮೆಲ್ಲನೆ ಸುತ್ತು ಸುತ್ತಾಗಿ ತಿರುಗಿಸತೊಡಗಿದಳು. ಹಳೆಯ ರೀತಿಯ ಹಾಡುಗಾರರಿಗೆ ಹೀಗೆ ಕೈಗೊಡುವುದು ಅವರಲ್ಲಿ ವಾಡಿಕೆಯೆಂದು ಆಮೇಲೆ ತಿಳಿಯಿತು. ಬೀಸುವ ಕಲ್ಲಿನ ಗೂಟವನ್ನು ಹಿಡಿದ ಕೈ ಹಾಗೆಯೇ ಸುತ್ತುವುದೆಂದು ಆ ಮುದುಕಿಗೆ ಯಾರೂ ಹೇಳಿರಲಿಲ್ಲ. ಎರಡನೆಯ ನುಡಿಯಿಂದ ಕಂಠ ನೆಟ್ಟಗಾಯಿತು. ಒಂದು ಲೋಟದ ಸದ್ದೂ ಇರಲಿಲ್ಲ. ನಡುನಡುವೆ ಯಾರೋ “ಮಾ ಹೂ” ಎಂದು, ನಾವು ಭಲೇ ಎನ್ನುವಂತೆ, ಹುರಿದುಂಬಿಸಿದರು. ಹತ್ತು ಹನ್ನೆರಡು ನುಡಿಗಳನ್ನು ಆಕೆ ಒಂದನ್ನೂ ಮರೆಯದೆ ಹೇಳಿದಳು. ಅದರಲ್ಲಿ ಅಪಶಬ್ದಗಳೆಷ್ಟಿದ್ದುವೋ ನಾನು ಎಣಿಸಲಿಲ್ಲ.

ಹೊರಗೆ ಬಂದಾಗ ಹತ್ತು ಗಂಟೆ; ಆಕಾಶದಲ್ಲಿ ಇನ್ನೂ ಬೆಳಕಿತ್ತು. ಅಳಿಯನು ಮುಂದೆ ಹೋಗುತ್ತಿದ್ದನು. “ನಿನಗೆ ಎಷ್ಟು ಹಾಡು ಬರುತ್ತವೆ?” ಎಂದು ಕೇಳಿದೆ. “ಎಣಿಸಿದವರು ಯಾರು? ಮರೆತುಹೋದುವೇ ಹೆಚ್ಚು” ಎಂದಳು. ಸ್ವಲ್ಪ ದೂರ ನಡೆದಮೇಲೆ, “ಅಂದು ನಾನು ಹಾಗೆ ಹೇಳಬಾರದಾಗಿತ್ತು” ಎಂದೆ. ಯಾವಾಗ, ಏನು ಎಂದು ಆಕೆ ಕೇಳಲಿಲ್ಲ. “ತಪ್ಪು ಇದ್ದದ್ದು ಏಳಲ್ಲ ಅಂದ್ರೆ, ಐದೇ. ಇನ್ನೆರಡು ನಮ್ಮೂರ ಕಡೆಯ ಮಾತು” ಎಂದಳು. ಮೂವತ್ತು ವರ್ಷಗಳ ಮೇಲೆ ಆಕೆಗೆ ಲೆಕ್ಕ ಮರೆತಿರಲಿಲ್ಲ.

ಆ ರಾತ್ರಿ ಮಲಗಿದಮೇಲೆ ನ್ಯಾಪಕಕ್ಕೆ ಬಂದವನು ಜೇಮ್ಸ್ ಕಸಿನ್ಸ್. ಬೆಲ್‌ಫಾಸ್ಟಿನಲ್ಲಿ ಹುಟ್ಟಿ ನಮ್ಮ ದೇಶಕ್ಕೆ ಬಂದು ನೆಲೆಸಿದ ಆ ಐರಿಷ್ ಕವಿಯು ೧೯೨೪ರಲ್ಲಿ ಮೈಸೂರಿಗೆ ಬಂದಿದ್ದಾಗ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ವಿದ್ಯಾರ್ಥಿಯೊಬ್ಬನು ತನ್ನ ರಚನೆಗಳನ್ನು ತೋರಿಸಲು ಹೋದನು. ನಿನ್ನ ತಾಯ್ನುಡಿಯಲ್ಲಿ ಬರೆ ಎಂದು ಕಸಿನ್ಸನು ಬುದ್ಧಿ ಹೇಳಿದನು. ಆ ತರುಣನೇ ಕುವೆಂಪು. ಈ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಮನೆಮಾತನ್ನು ಕಳೆದುಕೊಂಡ ನಾಡಿನವನಾದ್ದರಿಂದಲೇ ಆತನು ಹಾಗೆ ಹೇಳಿದನೆಂಬುದು ಅಂದು ಮೊದಲು ನನಗೆ ಹೊಳೆಯಿತು.

ಊರಿಗೆ ಬಂದಮೇಲೆ ಒಂದು ದಪ್ಪ ಪುಸ್ತಕವನ್ನು ಕೊಂಡಿದ್ದೇನೆ. ಸಂಜೆ ದೀಪ ಹಚ್ಚಿದಮೇಲೆ ಆಕೆ ಹೇಳುತ್ತಾಳೆ, ನಾನು ಬರೆಯುತ್ತೇನೆ. ಇದುವರೆಗೆ ನಲವತ್ತೊಂದು ಹಾಡುಗಳಾಗಿವೆ. ಕೆಂಪು ಮಸಿಯ ಲೇಖನಿಯನ್ನು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಮೊಮ್ಮಗಳಿಗೆ ಕೇಳಿಸಲೆಂದು ಮೊಬೈಲಿನಲ್ಲಿ ದನಿಯನ್ನು ಹಿಡಿದು ಕಳುಹಿಸುತ್ತೇವೆ. ತೊಟ್ಟಿಲ ಹಾಡಿಗೆ ಆಕೆ ಅಲ್ಲಿ ನಿದ್ದೆ ಮಾಡುತ್ತಾಳಂತೆ.

ಗೃಹಸ್ಥರಾದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ನಿಮ್ಮ ಮನೆಯಲ್ಲಿ ತಾಯಿಗೋ ಅತ್ತೆಗೋ ಸೋದರತ್ತೆಗೋ ಹಾಡು ಬರುತ್ತಿದ್ದರೆ ಈ ವಾರವೇ ಕುಳಿತು ಬರೆದುಕೊಳ್ಳಿರಿ. ಯಾರಿಂದ ಕಲಿತರು, ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ ಹೇಳುವುದು ಎಂಬುದನ್ನು ಹಾಡಿನ ಮೇಲುಗಡೆ ಗುರುತು ಮಾಡಿರಿ. ಬಾಯಿಂದ ಬಂದಂತೆ ಬರೆಯಿರಿ, ತಿದ್ದಬೇಡಿರಿ. ಧಾಟಿಯು ಕಾಗದದಲ್ಲಿ ನಿಲ್ಲದಾದುದರಿಂದ ದನಿಯನ್ನೂ ಹಿಡಿದಿಡಿರಿ. ಅದಾದಮೇಲೆ ಪುಸ್ತಕವನ್ನು ಮುಚ್ಚಿ, ಮುಂದಿನ ಹಬ್ಬದಲ್ಲಿ ಅವರಿಂದಲೇ ಹಾಡಿಸಿರಿ. ಬರೆದಿಟ್ಟ ಹಾಡು ಉಳಿದೀತು; ಬದುಕುವುದು ಹಾಡಿದಾಗಲೇ.

ಡಬ್ಲಿನ್ನಿನ ಸ್ಮಿತ್‌ಫೀಲ್ಡಿನಲ್ಲಿ ಕಾಬಲ್‌ಸ್ಟೋನ್ ಎಂಬ, ಸಂಗೀತಕ್ಕೆ ಹೆಸರಾದ ಪಬ್ಬೊಂದಿದೆ. ೨೦೨೧ರಲ್ಲಿ ಆ ಸ್ಥಳದಲ್ಲಿ ಹೋಟೆಲು ಕಟ್ಟುವ ಯೋಜನೆ ಹೊರಟಾಗ ಜನರು ವಾದ್ಯಗಳನ್ನು ನುಡಿಸುತ್ತ ಮೆರವಣಿಗೆ ಹೋದರು. ನವೆಂಬರ್ ತಿಂಗಳಲ್ಲಿ ನಗರಸಭೆಯು ಅನುಮತಿಯನ್ನು ನಿರಾಕರಿಸಿತು. ಅಡಿಗೆಮನೆಯನ್ನು ಒಮ್ಮೆ ಕಳೆದುಕೊಂಡ ಸಂಗೀತವು ಇರುವ ಒಂದು ಛತ್ರಕ್ಕಾಗಿ ಅಷ್ಟು ಹೋರಾಡಬೇಕಾಯಿತು. ನಮ್ಮ ಹಾಡುಗಳಿಗೆ ಅಡಿಗೆಮನೆ ಇನ್ನೂ ಇದೆ. ಒಳಗೆ ಹಾಡು ಬಲ್ಲವರು ಇದ್ದಾರೆ. ಹೊರಗೆ ಜಗಲಿಯ ಮೇಲೆ ಕುಳಿತ ನಾವು ಸ್ವಲ್ಪ ಬಾಯಿ ಮುಚ್ಚಿಕೊಂಡು ಕೇಳಿದರೆ ಸಾಕು.

ಇದೋ, ಒಳಗಿನಿಂದ ಕರೆ ಬಂದಿತು. ದೀಪ ಹಚ್ಚಿ ಆಯಿತಂತೆ. ನಲವತ್ತೆರಡನೆಯ ಹಾಡು ಕಾಯುತ್ತಿದೆ. ಮುಂದಿನ ತಿಂಗಳು ಮತ್ತೆ ಕಾಣೋಣ.